ರಸ್ತೆ ಮುಚ್ಚಿದೆ, ಸುತ್ತಿಕೊಂಡು ಹೋಗಿ

ಗೌರಿ ಹಬ್ಬಕ್ಕೆ ಮೂರ್ನಾಲ್ಕು ದಿನ ಇದೆ ಎನ್ನುವಾಗ ಬೆಂಗಳೂರಿನ ಅಡ್ಡರಸ್ತೆಗಳಲ್ಲಿ ಹಾರೆಯ ಸದ್ದು ಶುರುವಾಗುತ್ತದೆ. ರಾತ್ರಿ ಊಟ ಮುಗಿಸಿದ ಹುಡುಗರು ನಾಲ್ಕಾರು ಜನ ಸೇರಿ, ಹೋದ ವರ್ಷ ಹಾಕಿದ ಡಾಂಬರಿಗೆ ಹಾರೆ ಇಳಿಸುತ್ತಾರೆ. ಗುಂಡಿ ಮೊಣಕೈ ಆಳವಾದರೆ ಸಾಕು. ಸರ್ವೆ ಗಳ ನಿಲ್ಲಿಸಿ, ಬುಡಕ್ಕೆ ಜಲ್ಲಿ ಬಡಿದು, ಅಡ್ಡಗಳ ಕಟ್ಟಿ, ಮೇಲೆ ಶಾಮಿಯಾನ ಎಳೆದರೆ ಬೆಳಗಿನ ಹೊತ್ತಿಗೆ ಪೆಂಡಾಲು ಸಿದ್ಧ, ರಸ್ತೆ ಬಂದ್. ಎರಡು ಪ್ಲಾಸ್ಟಿಕ್ ಕುರ್ಚಿ, ನಡುವೆ ಒಂದು ಬಿದಿರು, ಅದಕ್ಕೊಂದು ಗೊಂಚಲು ಮಾವಿನ ಸೊಪ್ಪು ಸಿಕ್ಕಿಸಿದರೆ ಅದೇ ಬ್ಯಾರಿಕೇಡ್. ಆಟೋದವರು ಒಂದು ಗಳಿಗೆ ನಿಂತು, ಗೊಣಗಿ, ಹಿಂದಕ್ಕೆ ತೆಗೆಯುತ್ತಾರೆ. ಪರ್ಮಿಷನ್ ಇದೆಯೇನಪ್ಪಾ ಎಂದು ಯಾರಾದರೂ ಕೇಳಿದರೆ ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ: "ಸ್ಟೇಷನ್‌ನಲ್ಲಿ ಹೇಳಿದ್ದೀವಿ ಸಾರ್."

ನಗರದಲ್ಲಿ ಬೀದಿಯನ್ನು ಸಂಭ್ರಮಕ್ಕೆ ಬಿಟ್ಟುಕೊಡುವವರು ಯಾರು, ಎಷ್ಟು ಸಲ, ಎಷ್ಟು ಹೊತ್ತು ಎಂಬುದು ಇವತ್ತಿನ ನನ್ನ ಮಾತಿನ ವಿಷಯ.

ಗಣೇಶನಿಂದ ಶುರುವಾದದ್ದು ಗಣೇಶನಿಗೇ ಮುಗಿಯುವುದಿಲ್ಲ. ಚೌತಿಯ ದಿನವೇ ಕೂರಬೇಕೆಂಬ ಕಟ್ಟುಪಾಡು ಬೀದಿ ಗಣೇಶನಿಗೆ ಇಲ್ಲ. ಪೆಂಡಾಲಿನವರು, ಆರ್ಕೆಸ್ಟ್ರಾದವರು ಯಾವ ವಾರ ಬಿಡುವಾಗಿ ಸಿಗುತ್ತಾರೋ ಆ ವಾರ ಹಬ್ಬ. ನವೆಂಬರ್ ಹುಟ್ಟಿದರೆ ರಾಜ್ಯೋತ್ಸವ. ಒಂದನೇ ತಾರೀಖಿನ ಹಬ್ಬ ಒಂದೊಂದು ಬಡಾವಣೆಯಲ್ಲಿ ಒಂದೊಂದು ವಾರ ಎಂದು ಡಿಸೆಂಬರಿನವರೆಗೂ ಎಳೆಯುತ್ತದೆ. ನವೆಂಬರ್ ಕನ್ನಡಿಗರು ಎಂದು ಗೇಲಿ ಮಾಡುವವರಿದ್ದಾರೆ. ನನಗೆ ಆ ಗೇಲಿ ಅಷ್ಟು ಹಿಡಿಸುವುದಿಲ್ಲ. ವರ್ಷಕ್ಕೊಂದು ರಾತ್ರಿ ಅಡ್ಡರಸ್ತೆಯ ಹುಡುಗನೊಬ್ಬ ಮೈಕು ಹಿಡಿದು ಅಣ್ಣಾವ್ರ ಹಾಡು ಹೇಳಿದರೆ ಯಾರ ಗಂಟು ಹೋಯಿತು? ಆಮೇಲೆ ಅಣ್ಣಮ್ಮ ದೇವಿಯನ್ನು ಬಡಾವಣೆಗೆ ಕರೆತಂದು ಕೂರಿಸುವ ಸಂಭ್ರಮ, ರಾಮನವಮಿಯ ಪಾನಕ, ಚೈತ್ರ ಹುಣ್ಣಿಮೆಯ ಕರಗ. ಒಟ್ಟಿನಲ್ಲಿ ವರ್ಷದ ಯಾವುದೋ ಒಂದು ತಿಂಗಳಲ್ಲಿ ಪ್ರತಿ ಬೀದಿಯೂ ರಸ್ತೆಯಾಗಿರುವುದನ್ನು ಬಿಟ್ಟು ಅಂಗಳವಾಗುತ್ತದೆ.

ಇದಕ್ಕೆಲ್ಲ ಕಾನೂನು ಇಲ್ಲವೆಂದಲ್ಲ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಮೆರವಣಿಗೆ, ಜನಸಂದಣಿ, ಬೀದಿಯ ವಾದ್ಯ ಎಲ್ಲವನ್ನೂ ನಿಯಂತ್ರಿಸುವ ಅಧಿಕಾರವನ್ನು ಪೊಲೀಸ್ ಕಮಿಷನರಿಗೆ ಕೊಟ್ಟಿದೆ. ಧ್ವನಿವರ್ಧಕಕ್ಕೆ ಕೇಂದ್ರ ಸರ್ಕಾರದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಿವೆ. ರಸ್ತೆಯ ಮೇಲೆ ಪೆಂಡಾಲು ಹಾಕಲು ಪಾಲಿಕೆ ಒಪ್ಪಬೇಕು, ದೀಪಕ್ಕೆ ಬೆಸ್ಕಾಂನ ತಾತ್ಕಾಲಿಕ ಸಂಪರ್ಕ ಬೇಕು, ಬೆಂಕಿಯ ವಿಚಾರಕ್ಕೆ ಅಗ್ನಿಶಾಮಕದವರು, ಮೂರ್ತಿಯ ಬಣ್ಣದ ವಿಚಾರಕ್ಕೆ ಮಾಲಿನ್ಯ ನಿಯಂತ್ರಣ ಮಂಡಳಿಯವರು. ಇಷ್ಟು ಬಾಗಿಲು ತಟ್ಟಲಾರದೆ ಜನ ಬಾಗಿಲನ್ನೇ ಮರೆತರು ಎಂದಾಗ, ಗಣೇಶನ ಹಬ್ಬಕ್ಕೆಂದು ಏಕಗವಾಕ್ಷಿ ಕೇಂದ್ರಗಳು ಬಂದವು. ಒಂದೇ ಮೇಜಿನ ಸುತ್ತ ಎಲ್ಲ ಇಲಾಖೆಯವರೂ ಕೂರುತ್ತಾರೆ. ಅರ್ಜಿ, ಮುಚ್ಚಳಿಕೆ ಕೊಟ್ಟು ಅನುಮತಿ ಪಡೆದು ಹೋಗಬಹುದು. ಒಳ್ಳೆಯ ಕೆಲಸ. ಆದರೆ ಅದು ತೆರೆಯುವುದು ಆ ಒಂದು ಹಬ್ಬಕ್ಕೆ, ಆ ಕೆಲವು ದಿನಗಳಿಗೆ.

ಇಲ್ಲಿ ಒಂದು ಸಣ್ಣ ಪ್ರಸಂಗ ಹೇಳಬೇಕು. ನಮ್ಮ ರಸ್ತೆಯವರಿಗೆ ಒಂದು ಮಾರ್ಚ್ ತಿಂಗಳಲ್ಲಿ ಒಂದು ಆಸೆ ಹುಟ್ಟಿತು. ಹಬ್ಬವಿಲ್ಲ, ಹರಿದಿನವಿಲ್ಲ, ಒಂದು ಭಾನುವಾರ ಮಧ್ಯಾಹ್ನ ರಸ್ತೆಯ ಎರಡೂ ತುದಿ ಮುಚ್ಚಿ, ಎಲ್ಲ ಮನೆಯವರೂ ಒಟ್ಟಿಗೆ ಕೂತು ಊಟ ಮಾಡುವುದು, ಮಕ್ಕಳು ಲಗೋರಿ ಆಡುವುದು. ಅಕ್ಕಪಕ್ಕದವರ ಹೆಸರೂ ಗೊತ್ತಿಲ್ಲದೆ ಬದುಕುತ್ತಿದ್ದೇವಲ್ಲ ಎಂದು ಕೊರಗುತ್ತಿದ್ದ ನಿವೃತ್ತ ಮೇಷ್ಟ್ರೊಬ್ಬರು ಇದರ ಮುಂದಾಳು. ಎಲ್ಲವೂ ಕ್ರಮವಾಗಿ ಆಗಬೇಕೆಂದು ಹಟ ಹಿಡಿದು, ನನ್ನನ್ನೂ ಕರೆದುಕೊಂಡು ಒಂದು ಕಚೇರಿಗೆ ಹೊರಟರು. ಗುಮಾಸ್ತರು ಒಳ್ಳೆಯವರೇ. ಒಂದು ಅರ್ಜಿ ನಮೂನೆ ತೆಗೆದು ಮುಂದಿಟ್ಟು ಕೇಳಿದರು:

"ಯಾವ ದೇವರು ಕೂರಿಸ್ತೀರಾ ಮೇಷ್ಟ್ರೇ?"

"ದೇವರಿಲ್ಲಪ್ಪ, ಊಟ."

"ಮದುವೇನಾ?"

"ಮದುವೆಯೂ ಅಲ್ಲ. ಸುಮ್ಮನೆ ಊಟ."

ಅವರು ಪೆನ್ನು ಕೆಳಗಿಟ್ಟರು. ನಮೂನೆಯಲ್ಲಿ ಮೂರ್ತಿಯ ಎತ್ತರಕ್ಕೆ ಒಂದು ಕಾಲಂ ಇತ್ತು, ವಿಸರ್ಜನೆಯ ಸ್ಥಳಕ್ಕೆ ಒಂದು ಕಾಲಂ ಇತ್ತು. ಸುಮ್ಮನೆ ಊಟಕ್ಕೆ ಕಾಲಂ ಇರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, ನಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದರು: "ಒಂದು ಕೆಲಸ ಮಾಡಿ, ರಾಜ್ಯೋತ್ಸವ ಅಂತ ಬರ್ಕೊಡಿ. ಯಾರೂ ಏನೂ ಅನ್ನಲ್ಲ." ಮಾರ್ಚ್ ತಿಂಗಳಲ್ಲಿ ರಾಜ್ಯೋತ್ಸವ! ಮೇಷ್ಟ್ರು ಸುಳ್ಳು ಬರೆಯುವವರಲ್ಲ. ಊಟವೇನೋ ಆಯಿತು, ಒಬ್ಬರ ಮನೆಯ ತಾರಸಿಯ ಮೇಲೆ, ಪಾಳಿಯ ಪ್ರಕಾರ. ಲಗೋರಿ ಮಾತ್ರ ಆಗಲಿಲ್ಲ.

ಅನುಮತಿಗೆ ಮಿತಿ ಇರಬಾರದು ಎಂದು ನಾನು ವಾದಿಸುತ್ತಿಲ್ಲ. ಮಿತಿ ಏಕೆ ಬೇಕು ಎಂಬುದನ್ನು ಕಾಯಿಲೆಯ ತಾಯಿಯನ್ನು ಮನೆಯಲ್ಲಿಟ್ಟುಕೊಂಡು ಎದುರಿನ ಡಿಜೆ ಕೇಳಿದವರು ಚೆನ್ನಾಗಿ ಬಲ್ಲರು. ಶಬ್ದಮಾಲಿನ್ಯದ ಬಗ್ಗೆ ಸುಪ್ರೀಂ ಕೋರ್ಟ್ 2005ರ ಜುಲೈನಲ್ಲಿ ಕೊಟ್ಟ ದೊಡ್ಡ ತೀರ್ಪಿನ ಹಿಂದೆ ಒಂದು ಘೋರ ಘಟನೆ ಇದೆ: ಅತ್ಯಾಚಾರಕ್ಕೆ ಒಳಗಾದ 13 ವರ್ಷದ ಹುಡುಗಿಯೊಬ್ಬಳ ಕೂಗು ನೆರೆಹೊರೆಯ ಧ್ವನಿವರ್ಧಕದ ಅಬ್ಬರದಲ್ಲಿ ಯಾರಿಗೂ ಕೇಳಿಸಲಿಲ್ಲ ಎಂಬ ದೂರು. ನಿಯಮ ಹೇಳುವುದು ಇಷ್ಟು. ಲಿಖಿತ ಅನುಮತಿ ಇಲ್ಲದೆ ಧ್ವನಿವರ್ಧಕ ಹಾಕುವಂತಿಲ್ಲ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಹಾಕಲೇಬಾರದು. ವಸತಿ ಪ್ರದೇಶಕ್ಕೆ ಹಗಲಿನ ಮಿತಿ 55 ಡೆಸಿಬಲ್, ರಾತ್ರಿಯದು 45. ಧ್ವನಿವರ್ಧಕ ಇಟ್ಟ ಸಾರ್ವಜನಿಕ ಜಾಗದ ಅಂಚಿನಲ್ಲಿ ಇದಕ್ಕಿಂತ 10 ಡೆಸಿಬಲ್ ಹೆಚ್ಚಾದರೆ ಮಾಫಿ, ಅದಕ್ಕೂ ಮೇಲಾದರೆ ನಿಯಮಭಂಗ. ನಾವಿಬ್ಬರು ಎದುರುಬದುರು ಕೂತು ಮಾತಾಡಿದರೇ ಹೆಚ್ಚುಕಡಿಮೆ 60 ಡೆಸಿಬಲ್ ಆಗುತ್ತದೆ ಎಂದರೆ, ಆಳೆತ್ತರದ ಸ್ಪೀಕರುಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಟ್ರ್ಯಾಕ್ಟರು ಎಲ್ಲಿ ನಿಲ್ಲುತ್ತದೆ, ನೀವೇ ಅಂದಾಜು ಮಾಡಿ.

ಇದೇ ನಿಯಮದಲ್ಲಿ ಒಂದು ಎಣಿಕೆಯ ಮಿತಿಯೂ ಇದೆ. ಹಬ್ಬಹರಿದಿನ, ಸಾಂಸ್ಕೃತಿಕ ಸಂದರ್ಭಗಳಲ್ಲಿ ರಾತ್ರಿ 10ರಿಂದ 12ರವರೆಗೆ ಧ್ವನಿವರ್ಧಕಕ್ಕೆ ವಿನಾಯಿತಿ ಕೊಡಲು ರಾಜ್ಯ ಸರ್ಕಾರಕ್ಕೆ ಅಧಿಕಾರವಿದೆ, ಆದರೆ ವರ್ಷಕ್ಕೆ 15 ದಿನ ಮೀರದಂತೆ. ಆ 15 ದಿನ ಜಿಲ್ಲೆಗೊಂದು ತರಹ ಇರುವಂತಿಲ್ಲ, ಇಡೀ ರಾಜ್ಯಕ್ಕೆ ಒಂದೇ ಪಟ್ಟಿ, ಅಧಿಕಾರವನ್ನು ಕೆಳಗಿನವರಿಗೆ ವಹಿಸುವಂತಿಲ್ಲ ಎಂದು 2005ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಖಚಿತ ಮಾಡಿತು. ಇದರ ಅರ್ಥವನ್ನು ಸ್ವಲ್ಪ ಬಿಡಿಸಿ ನೋಡಿ. ಬೀದರಿನ ಹಬ್ಬ, ಮಂಗಳೂರಿನ ದಸರಾ, ಬೆಂಗಳೂರಿನ ಗಣೇಶ, ಊರೂರಿನ ಜಾತ್ರೆ, ಹೊಸ ವರ್ಷದ ಕುಣಿತ ಎಲ್ಲವೂ ಆ ಹದಿನೈದರಲ್ಲೇ ಪಾಲು ಕೇಳಬೇಕು. ಪಟ್ಟಿಯಲ್ಲಿ ಜಾಗ ಸಿಗುವುದು ಹೆಸರು ಮಾಡಿದ ಹಬ್ಬಗಳಿಗೆ. ಉಳಿದವರು ಹತ್ತು ಗಂಟೆಗೆ ಮೈಕು ಆರಿಸಬೇಕು, ಇಲ್ಲವೇ ಯಾರನ್ನಾದರೂ ಹಿಡಿದು ಮಾತಾಡಿಸಬೇಕು. ನಿದ್ದೆಯ ದೃಷ್ಟಿಯಿಂದ ಈ ಕಟ್ಟು ಸರಿಯೆಂದೇ ನನ್ನ ಮತ. ಆದರೆ ಎಣಿಕೆಗೆ ಗೆರೆ ಎಳೆದ ಕೂಡಲೇ ಬಲವಿದ್ದವರು ಗೆರೆಯ ಒಳಗೆ, ಇಲ್ಲದವರು ಹೊರಗೆ ನಿಲ್ಲುತ್ತಾರೆ. ಇದನ್ನು ಮರೆಯಬಾರದು.

ಬೆಂಗಳೂರು ಇದನ್ನು ಒಂದು ಸಲ ಕಣ್ಣಾರೆ ಕಂಡಿದೆ. ಕೊರೋನಾ ಕಾಲದಲ್ಲಿ, 2021ರಲ್ಲಿ, ವಾರ್ಡಿಗೆ ಒಂದೇ ಸಾರ್ವಜನಿಕ ಗಣೇಶ ಎಂಬ ಆಜ್ಞೆ ಹೊರಟಿತು. ರೋಗದ ಕಾಲ, ಮಿತಿ ನ್ಯಾಯವಾದದ್ದೇ. ಆದರೆ ಆಗ ನಗರದಲ್ಲಿದ್ದದ್ದು 198 ವಾರ್ಡು. 2011ರ ಜನಗಣತಿ ಹಿಡಿದರೂ ವಾರ್ಡಿಗೆ ಸರಾಸರಿ 40 ಸಾವಿರಕ್ಕೂ ಹೆಚ್ಚು ಜನ. ಅಷ್ಟು ಜನಕ್ಕೆ ಒಬ್ಬನೇ ಗಣೇಶ ಎಂದರೆ ಆ ಒಬ್ಬ ಯಾರ ಬೀದಿಯವನು? ಚಂದಾ ಪುಸ್ತಕ ದಪ್ಪವಿದ್ದವರ ಬೀದಿಯವನೋ, ವಠಾರದ ಹುಡುಗರ ಬೀದಿಯವನೋ? ಕೇಳಬೇಕಾದ ಅಗತ್ಯವೇ ಇಲ್ಲ.

ಹೊರದೇಶದ ಒಂದು ಉದಾಹರಣೆ ಇದಕ್ಕೆ ಚೆನ್ನಾಗಿ ಹೊಂದುತ್ತದೆ. ನ್ಯೂಯಾರ್ಕ್ ನಗರದಲ್ಲಿ ಬೀದಿಯ ಚಟುವಟಿಕೆಗಳಿಗೆ ಪರವಾನಗಿ ಕೊಡಲೆಂದೇ ಮೇಯರರ ಆಡಳಿತದಲ್ಲಿ ಒಂದು ಕಚೇರಿ ಇದೆ. ಅಲ್ಲಿ ಬೇಸಿಗೆಯ ವಾರಾಂತ್ಯಗಳಲ್ಲಿ ಅವೆನ್ಯೂಗಳನ್ನೇ ಮುಚ್ಚಿ ಬೀದಿ ಜಾತ್ರೆ ನಡೆಸುವ ಹಳೆಯ ರೂಢಿ. ಲಿಟಲ್ ಇಟಲಿಯ ಸ್ಯಾನ್ ಜೆನ್ನಾರೋ ಹಬ್ಬ 1926ರಿಂದ ನಡೆಯುತ್ತಿದೆ, ಈಗಲೂ ಸೆಪ್ಟೆಂಬರಿನಲ್ಲಿ 11 ದಿನ ಮಲ್ಬೆರಿ ಬೀದಿ ಅದರದೇ. ಜಾತ್ರೆಗಳು ಹೆಚ್ಚಿ, ಪೊಲೀಸರ ಓವರ್‌ಟೈಮ್ ಖರ್ಚು ಹೆಚ್ಚಿ, ಸಂಚಾರ ನಿಂತುಹೋಗಿ, ನಗರಾಡಳಿತ ಒಂದು ಉಪಾಯ ಹೂಡಿತು: ಹೊಸ ಬೀದಿ ಜಾತ್ರೆಯ ಅರ್ಜಿ ತೆಗೆದುಕೊಳ್ಳುವುದಿಲ್ಲ, ಹಳಬರು ಮಾತ್ರ ವರ್ಷವರ್ಷ ನವೀಕರಿಸಿಕೊಳ್ಳಲಿ. ಒಂದು ವರ್ಷಕ್ಕೆಂದು ಬಂದ ತಡೆ ಮತ್ತೆ ಮತ್ತೆ ಮುಂದುವರಿಯಿತು. ಫಲ ಏನಾಯಿತು? ಹಳೆಯ ಪರವಾನಗಿಗಳ ಸುತ್ತ ಕೆಲವೇ ವೃತ್ತಿನಿರತ ಆಯೋಜಕರು ಬೆಳೆದರು. ಈ ವಾರ ಒಂದು ಅವೆನ್ಯೂನಲ್ಲಿ ಕಂಡ ಕಾಲುಚೀಲದ ಅಂಗಡಿ, ಅದೇ ಸಾಸೇಜಿನ ಗಾಡಿ, ಅದೇ ತಂಪುಕನ್ನಡಕ ಮುಂದಿನ ವಾರ ಇನ್ನೊಂದು ಅವೆನ್ಯೂನಲ್ಲಿ. ಜಾತ್ರೆಗಳೆಲ್ಲ ಒಂದೇ ಅಚ್ಚಿನವು ಎಂದು ನ್ಯೂಯಾರ್ಕಿನವರು ವರ್ಷಗಳಿಂದ ಗೊಣಗುತ್ತಿದ್ದಾರೆ. ಎಣಿಕೆ ಹಿಡಿತಕ್ಕೆ ಬಂತು. ಬೀದಿಯವರ ಜಾತ್ರೆ ಬೀದಿಯವರ ಕೈಬಿಟ್ಟಿತು.

ಆದರೆ ಅದೇ ನ್ಯೂಯಾರ್ಕಿನಿಂದ ಕಲಿಯಬೇಕಾದದ್ದೂ ಒಂದಿದೆ. ದೊಡ್ಡ ಜಾತ್ರೆಯನ್ನೂ ನೆರೆಹೊರೆಯ ಕೂಟವನ್ನೂ ಅವರು ಒಂದೇ ಗಂಟು ಕಟ್ಟಿಲ್ಲ. ಒಂದೇ ಬ್ಲಾಕಿನ ಜನ, ಒಂದೇ ದಿನ, ಏನನ್ನೂ ಮಾರದೆ ಸೇರುವುದಾದರೆ ಅದಕ್ಕೆ ಬೇರೆಯೇ ವರ್ಗ. ಅದನ್ನು ಬ್ಲಾಕ್ ಪಾರ್ಟಿ ಎನ್ನುತ್ತಾರೆ. 60 ದಿನ ಮುಂಚೆ ಅರ್ಜಿ, 25 ಡಾಲರ್ ಶುಲ್ಕ, ಆ ಪ್ರದೇಶದ ಸಮುದಾಯ ಮಂಡಳಿಯ ಅಭಿಪ್ರಾಯ, ಅಗ್ನಿಶಾಮಕದ ವಾಹನ ನುಗ್ಗಲು 15 ಅಡಿ ದಾರಿ. ಮಾರಾಟದ ಜಾತ್ರೆಯಾದರೆ ಅಂಗಡಿಗಳಿಂದ ಬಂದ ಶುಲ್ಕದಲ್ಲಿ ನಗರಕ್ಕೆ ನೂರಕ್ಕೆ 20 ಪಾಲು. ಬ್ರಿಟನ್ನಿನವರು ಇನ್ನೂ ಹಗುರ ಮಾಡಿಕೊಂಡಿದ್ದಾರೆ. 1847ರ ಒಂದು ಹಳೆಯ ಪೊಲೀಸ್ ಕಾಯ್ದೆಯನ್ನೇ ಬಳಸಿ ಅಲ್ಲಿನ ಪುರಸಭೆಗಳು ಬೀದಿ ಮುಚ್ಚಲು ಒಪ್ಪಿಗೆ ಕೊಡುತ್ತವೆ. 2011ರಲ್ಲಿ ರಾಜಕುಮಾರ ವಿಲಿಯಂ ಮದುವೆಯ ದಿನ ಸುಮಾರು 5,500 ಬೀದಿಗಳು ಹೀಗೆ ಅರ್ಜಿ ಹಾಕಿದ್ದವು.

ನಮ್ಮಲ್ಲಿ ಚಿಕ್ಕದಕ್ಕೂ ದೊಡ್ಡದಕ್ಕೂ ಅಳತೆ ಬೇರೆ ಆಗಿಲ್ಲ. 2025ರ ಜೂನ್ 4ರಂದು ಕ್ರಿಕೆಟ್ ಗೆಲುವಿನ ಸಂಭ್ರಮಕ್ಕೆ ಜನ ಸೇರಿದಾಗ ಚಿನ್ನಸ್ವಾಮಿ ಕ್ರೀಡಾಂಗಣದ ಬಾಗಿಲುಗಳಲ್ಲಿ 11 ಜನ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಅನುಮತಿ ಕೇಳಿದ್ದರೇ, ಕೊಟ್ಟಿದ್ದರೇ, ಸಮಯ ಇತ್ತೇ ಎಂಬ ವಾದವಿವಾದ ನ್ಯಾಯಾಲಯದ ಮೆಟ್ಟಿಲೇರಿತು. ಅದಾದ ಮೇಲೆ ಆಗಸ್ಟಿನಲ್ಲಿ ಸರ್ಕಾರ ಜನಸಂದಣಿ ನಿಯಂತ್ರಣ ಮಸೂದೆಯನ್ನು ವಿಧಾನಸಭೆಯ ಮುಂದಿಟ್ಟಿತು. ಮಂಡಿಸಿದ ರೂಪದಲ್ಲಿ ಅದಕ್ಕೆ ಮೂರು ಮೆಟ್ಟಿಲು: 7,000ಕ್ಕಿಂತ ಕಡಿಮೆ ಜನ ಸೇರುವುದಾದರೆ ಠಾಣಾಧಿಕಾರಿ, 7,000ದಿಂದ 50,000ದವರೆಗೆ ಡಿವೈಎಸ್‌ಪಿ, ಅದಕ್ಕೂ ಮೇಲೆ ಎಸ್‌ಪಿ ಅಥವಾ ಕಮಿಷನರ್. ಲಕ್ಷ ಜನ ನುಗ್ಗುವ ಸಂಭ್ರಮಕ್ಕೆ ಇಂಥ ಬಿಗಿ ಬೇಕೇ ಬೇಕು, ಎರಡು ಮಾತಿಲ್ಲ. ಆದರೆ ಕೆಳಗಿನ ಮೆಟ್ಟಿಲನ್ನು ನೋಡಿ. 6,900 ಜನರ ಸಭೆಯೂ ಅಲ್ಲೇ, ನಲವತ್ತು ಮನೆಯವರ ಕೋಸಂಬರಿ ಪಾನಕವೂ ಅಲ್ಲೇ. ಠಾಣಾಧಿಕಾರಿಗೆ ಎರಡನ್ನೂ ಬೇರೆ ಮಾಡುವ ನಮೂನೆ ಕೊಟ್ಟವರಿಲ್ಲ. ಹೀಗಾಗಿ ಚಿಕ್ಕವರು ಅನುಮತಿಯ ಗೋಜಿಗೇ ಹೋಗದೆ ಬಾಯಿಮಾತಿನಲ್ಲಿ ಮುಗಿಸುತ್ತಾರೆ. ಆ ಬಾಯಿಮಾತು ಬೀದಿಗೆ ತಕ್ಕಂತೆ ಬದಲಾಗುತ್ತದೆ. ಮಾಜಿ ಕಾರ್ಪೊರೇಟರ್ ಇರುವ ರಸ್ತೆಯಲ್ಲಿ ಅದು ಒಂದು ಫೋನು. ಬಾಡಿಗೆ ಮನೆಗಳ ರಸ್ತೆಯಲ್ಲಿ ಅದು ಬೀಟ್ ಪೊಲೀಸರ ಲಾಠಿಯ ಒಂದು ಬೀಸು.

ಅನುಮತಿಯನ್ನೇ ಕೇಳದ ಹಬ್ಬಗಳೂ ಉಂಟು. ಕಾರ್ತಿಕ ಮಾಸದ ಕೊನೆಯ ಸೋಮವಾರ ಬಸವನಗುಡಿಯ ದೊಡ್ಡ ಬಸವಣ್ಣನ ಮುಂದೆ ಕಡಲೆಕಾಯಿ ಪರಿಷೆ. ಬುಲ್ ಟೆಂಪಲ್ ರಸ್ತೆಗೆ ವಾಹನ ಬಿಡುವುದಿಲ್ಲ. ಅನುಮತಿಯ ಪ್ರಶ್ನೆ ಯಾರ ತಲೆಯಲ್ಲೂ ಏಳುವುದಿಲ್ಲ. ಪರಿಷೆ ಬಂತು, ಬಸ್ಸುಗಳೇ ಬೇರೆ ದಾರಿ ಹಿಡಿಯುತ್ತವೆ. ರಸ್ತೆಯ ಎರಡೂ ಬದಿ ಗೋಣಿತಾಟು ಹಾಸಿ ರಾಶಿ ಸುರಿಯುತ್ತಾರೆ: ಹಸಿ, ಹುರಿದದ್ದು, ಬೇಯಿಸಿದ್ದು. ಬಾದಾಮಿ, ಗಡಂಗ್, ಸಾಮ್ರಾಟ್ ಎಂದು ತಳಿಯ ಹೆಸರು ಕೂಗುತ್ತಾ ಸೇರಿನಲ್ಲಿ ತುಂಬಿ, ಮೇಲೆ ಒಂದು ಹಿಡಿ ಕೊಸರು ಹಾಕಿ ಚೀಲಕ್ಕೆ ಸುರಿಯುತ್ತಾರೆ. ಕೊಸರಿಗಾಗಿ ಜಗಳವಾಡದಿದ್ದರೆ ಪರಿಷೆಗೆ ಹೋಗಿ ಬಂದಂತೆಯೇ ಅಲ್ಲ. ಇಲ್ಲಿಯೂ ಹಿಂದೆ ಒಂದು ಮಿತಿ ಇತ್ತು. ಜಾಗಕ್ಕೆ ಸುಂಕ ವಸೂಲಿ ಮಾಡಲು ಗುತ್ತಿಗೆ. ರಶೀದಿ ಹರಿಯುವವನಿಗೆ ದುಡ್ಡು ಕೊಡದೆ ತಾಟು ಹಾಸುವಂತಿರಲಿಲ್ಲ. 2024ರಲ್ಲಿ ಆ ಸುಂಕವನ್ನು ಕೈಬಿಟ್ಟರು. ಎರಡು ಮೂಟೆ ತಂದ ರೈತನಿಗೆ ಅದು ದೊಡ್ಡ ಮಾತು. ಅಂಗಡಿಗಳ ಸಂಖ್ಯೆ ಇಷ್ಟೇ ಇರಲಿ ಎಂದು ಮಿತಿ ಹಾಕಿದ್ದರೆ ಮೊದಲು ಹೊರಗೆ ಬೀಳುತ್ತಿದ್ದವನು ಅವನೇ.

ಬೀದಿಗೆ ಹಿಡಿಸದಷ್ಟು ಬೆಳೆದದ್ದನ್ನು ಬಯಲಿಗೆ ಕಳಿಸಿದ ಉದಾಹರಣೆಯೂ ಅಲ್ಲೇ ಪಕ್ಕದಲ್ಲಿದೆ. ವಿ.ವಿ. ಪುರದ ಸಜ್ಜನ್ ರಾವ್ ವೃತ್ತದ ಬಳಿ ವರ್ಷವರ್ಷ ಉಬ್ಬುತ್ತಾ ಹೋದ ಅವರೆಬೇಳೆ ಮೇಳ 2023ರಲ್ಲಿ ನ್ಯಾಷನಲ್ ಕಾಲೇಜು ಮೈದಾನಕ್ಕೆ ಹೋಯಿತು. ಬೀದಿಯ ಇಕ್ಕಟ್ಟಿನಲ್ಲಿ, ಎಣ್ಣೆ ಬಾಣಲೆಯ ಹೊಗೆಯಲ್ಲಿ ನಿಂತು ಅವರೆಬೇಳೆ ಜಾಮೂನು ತಿಂದ ಸುಖ ಮೈದಾನದಲ್ಲಿಲ್ಲ ಎನ್ನುವವರಿದ್ದಾರೆ. ನಿಜವೇ. ಆದರೂ ಆ ಬೀದಿಯಲ್ಲಿ ಮನೆ ಮಾಡಿಕೊಂಡಿರುವವರ ಮುಖ ನೋಡಿದರೆ ಮೈದಾನವೇ ಸರಿ. ಇನ್ನೊಂದು ಕಡೆ ಚಿತ್ರಸಂತೆ. ಜನವರಿಯ ಒಂದು ಭಾನುವಾರ ಚಿತ್ರಕಲಾ ಪರಿಷತ್ತಿನ ಮುಂದಿನ ಕುಮಾರಕೃಪಾ ರಸ್ತೆ ಮುಚ್ಚಿ, ಎರಡೂ ಬದಿ ಕಲಾವಿದರು ಕೂರುತ್ತಾರೆ. ಎರಡು ದಶಕಗಳಿಂದ ನಡೆದಿದೆ. ಒಂದೇ ದಿನ, ಮುಂಚೆಯೇ ಎಲ್ಲರಿಗೂ ಗೊತ್ತಿರುವ ದಿನ. ಸೋಮವಾರ ಅದೇ ರಸ್ತೆಯಲ್ಲಿ ಎಂದಿನಂತೆ ಗಾಡಿಗಳು ಓಡುತ್ತವೆ. 2020ರ ನವೆಂಬರಿನಿಂದ ಕೆಲವು ತಿಂಗಳು ಚರ್ಚ್ ಸ್ಟ್ರೀಟಿನ ವಾರಾಂತ್ಯಗಳನ್ನು ನಡೆದಾಡುವವರಿಗೆ ಬಿಟ್ಟಾಗಲೂ ಹಾಗೇ ಆಯಿತು. ಮುಂಚೆ ತಿಳಿಸಿದರೆ ಈ ಊರಿನ ಜನ ಸುತ್ತಿಕೊಂಡು ಹೋಗಲು ಬೇಸರಪಡುವುದಿಲ್ಲ. ತಿರುವಿನಲ್ಲಿ ಬಿದಿರು ಕಂಡಾಗಲೇ ಅವರಿಗೆ ಸಿಟ್ಟು ಬರುವುದು.

ಹಾಗಾದರೆ ಮಿತಿ ಎಲ್ಲಿ ಹಾಕಬೇಕು? ನನ್ನ ಕೈಗೆ ಕೊಟ್ಟರೆ ಎಷ್ಟು ಹಬ್ಬ ಎಂಬುದನ್ನು ಮುಟ್ಟುವುದಿಲ್ಲ. ಎಷ್ಟು ಹೊತ್ತು, ಎಷ್ಟು ಸದ್ದು, ಎಷ್ಟು ಅಗಲ ಎಂಬುದನ್ನು ಹಿಡಿಯುತ್ತೇನೆ. ಒಂದೇ ರಸ್ತೆಯ ನಿವಾಸಿಗಳು, ಮಾರಾಟವಿಲ್ಲದೆ, ಹಗಲಲ್ಲಿ, ದೊಡ್ಡ ಸ್ಪೀಕರ್ ಇಲ್ಲದೆ ಸೇರುವುದಾದರೆ ಒಂದು ಪುಟದ ಅರ್ಜಿ. ಏಳು ದಿನದಲ್ಲಿ ಬೇಡವೆನ್ನದಿದ್ದರೆ ಒಪ್ಪಿದಂತೆ. ಬಸ್ಸು ಓಡುವ ರಸ್ತೆಗೆ, ಆಸ್ಪತ್ರೆಯ ದಾರಿಗೆ ಈ ಸಲಿಗೆ ಬೇಡ. ರಾತ್ರಿಯ ಆರ್ಕೆಸ್ಟ್ರಾ, ಪೆಂಡಾಲು, ಸ್ಟಾಲು ಎಂದರೆ ಅದು ಬೇರೆ ಲೆಕ್ಕ: ಠೇವಣಿ ಕಟ್ಟಬೇಕು, ಅಗೆದ ಗುಂಡಿ ಮುಚ್ಚಿ ಡಾಂಬರು ಹಾಕಿ ತೋರಿಸಿದ ಮೇಲೆ ವಾಪಸು. ಗುಂಡಿ ತೋಡಿದವರಿಗೆ ದಂಡ ಎಂದು ಪಾಲಿಕೆ ಪ್ರತಿ ವರ್ಷ ಎಚ್ಚರಿಸುತ್ತದೆ. ದಂಡ ವಸೂಲಿಗೆ ಆಳನ್ನು ಹುಡುಕಿಕೊಂಡು ಹೋಗಬೇಕು, ಠೇವಣಿಗೆ ಆಳೇ ಹುಡುಕಿಕೊಂಡು ಬರುತ್ತಾನೆ.

ಒಂದು ಎಣಿಕೆಯನ್ನು ಮಾತ್ರ ಒಪ್ಪುತ್ತೇನೆ: ಒಂದೇ ರಸ್ತೆಗೆ ವರ್ಷದಲ್ಲಿ ಎಷ್ಟು ಸಲ ಎಂಬುದು. ಅದು ಆ ರಸ್ತೆಯ ಮನೆಯವರ ನೆಮ್ಮದಿಯ ಪ್ರಶ್ನೆ, ಅವರೇ ಕೂತು ತೀರ್ಮಾನಿಸಲಿ, ಬಾಡಿಗೆದಾರರನ್ನೂ ಸೇರಿಸಿಕೊಂಡು.

ಇದಕ್ಕೆಲ್ಲ ಪೊಲೀಸರೆಲ್ಲಿದ್ದಾರೆ ಎಂದು ನೀವು ಕೇಳಬಹುದು. ನಲವತ್ತು ಮನೆಯವರು ಎಲೆ ಹಾಕಿ ಕೂರುವುದಕ್ಕೆ ಪೊಲೀಸರು ಬೇಡ. ಅಂಥದನ್ನು ಒಂದು ಪುಟದಲ್ಲಿ ದಾಟಿಸಿದರೆ, ನಿಜವಾಗಿ ಜನ ನುಗ್ಗುವ ಕಡೆಗೆ ಕಳಿಸಲು ಠಾಣೆಯಲ್ಲಿ ಒಂದಿಬ್ಬರು ಉಳಿಯುತ್ತಾರೆ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರು ಒಂದು ಪಾಲಿಕೆ ಹೋಗಿ ಐದಾಗಿದೆ; ಐದಕ್ಕೂ ಹೊಸ ನಮೂನೆಗಳು ಅಚ್ಚಾಗಬೇಕು. ಅಚ್ಚಿಗೆ ಹೋಗುವ ಮುಂಚೆ ಯಾರಾದರೂ ಈ ಮಾತು ಕೇಳಿಸಿಕೊಂಡರೆ, ಮೂರ್ತಿಯ ಎತ್ತರದ ಕೆಳಗೆ "ಮೂರ್ತಿ ಇಲ್ಲ" ಎಂದು ಒಂದು ಚೌಕ ಸೇರಿಸಲಿ.